ಸ್ಥಳೀಯ ಸರ್ಕಾರಿ ಕಚೇರಿಗಳ ದೂರವಾಣಿ ಹಾಗೂ ಧ್ವನಿ ಸಂದೇಶ ವ್ಯವಸ್ಥೆಯ ಬಳಕೆ: ಅರ್ಜಿದಾರರಿಗೆ ಮಾಹಿತಿ

1. ಪ್ರಸ್ತಾವನೆ

ನಾಡಕಚೇರಿ, ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ ಮುಂತಾದ ಸ್ಥಳೀಯ ಕಚೇರಿಗಳನ್ನು ಸಾರ್ವಜನಿಕರು ಪ್ರತಿದಿನವೂ ದೂರವಾಣಿಯ ಮೂಲಕ ಸಂಪರ್ಕಿಸುತ್ತಾರೆ. ಈ ಕರೆಗಳಲ್ಲಿ ಹೆಚ್ಚಿನವುಗಳ ಸಾರ ಒಂದೇ ಆಗಿರುತ್ತದೆ: "ನಾನು ಕೊಟ್ಟ ಅರ್ಜಿ ಏನಾಯಿತು?" ಈ ಪ್ರಶ್ನೆಗೆ ದೂರವಾಣಿಯಲ್ಲಿಯೇ ಸರಿಯಾದ ಉತ್ತರ ದೊರೆತಲ್ಲಿ ಅರ್ಜಿದಾರರ ಒಂದು ದಿನದ ಕೂಲಿ ಹಾಗೂ ಬಸ್ಸಿನ ಖರ್ಚು ಉಳಿಯುತ್ತದೆ. ಉತ್ತರ ದೊರೆಯದಿದ್ದಲ್ಲಿ ಅಥವಾ ದೊರೆತ ಉತ್ತರವನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಮೀರಿಹೋಗುವ, ಪಿಂಚಣಿ ತಿಂಗಳುಗಟ್ಟಲೆ ನಿಂತುಹೋಗುವ ಅಥವಾ ಮೇಲ್ಮನವಿಯ ಅವಧಿ ಕೈತಪ್ಪುವ ಸಂಭವವಿರುತ್ತದೆ.

ಆದ್ದರಿಂದ ಕಚೇರಿಯ ದೂರವಾಣಿ ಸಂಖ್ಯೆಯನ್ನು ಪತ್ತೆ ಮಾಡುವುದು, ಯಂತ್ರವು ಉತ್ತರಿಸಿದಾಗ ಅನುಸರಿಸಬೇಕಾದ ಕ್ರಮ, ಧ್ವನಿ ಸಂದೇಶದಲ್ಲಿ ತಿಳಿಸಬೇಕಾದ ವಿವರಗಳು ಹಾಗೂ ಕರೆಯ ನಂತರ ಅರ್ಜಿದಾರರು ಮಾಡಬೇಕಾದ ಕೆಲಸ, ಇವುಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ದೂರವಾಣಿ ಕರೆಯಿಂದ ಆಗುವುದು ಮತ್ತು ಆಗದಿರುವುದು

ಎಲ್ಲಕ್ಕಿಂತ ಮೊದಲು ಅರ್ಜಿದಾರರು ತಿಳಿಯಬೇಕಾದ ಅಂಶವೆಂದರೆ, ದೂರವಾಣಿ ಕರೆಯು ಅರ್ಜಿಯಲ್ಲ. ಸರ್ಕಾರಿ ಕಚೇರಿಯ ಕೆಲಸವು ಕಡತದ ಮೇಲೆ ನಡೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ ರಸೀದಿ ಇಲ್ಲದೆ ಖಾತೆಗೆ ಜಮೆ ಆಗದಿರುವಂತೆಯೇ, ಕಚೇರಿಯ ಆವಕ ವಹಿಯಲ್ಲಿ ಅಥವಾ ಗಣಕಯಂತ್ರದಲ್ಲಿ ನೋಂದಣಿಯಾಗಿ ಸಂಖ್ಯೆ ಪಡೆಯದ ಕೋರಿಕೆಯು ಕಡತವಾಗುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ಎಷ್ಟೇ ನಿಜವಾಗಿದ್ದರೂ ಅದಕ್ಕೆ ದಿನಾಂಕವಿಲ್ಲ, ಸಂಖ್ಯೆಯಿಲ್ಲ, ಸಹಿಯಿಲ್ಲ.

ದೂರವಾಣಿಯಿಂದ ಪಡೆಯಬಹುದಾದ ಮಾಹಿತಿ ಹೀಗಿದೆ:

• ಯಾವ ಸೇವೆಗೆ ಯಾವ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು ಎಂಬ ವಿವರ
• ಲಗತ್ತಿಸಬೇಕಾದ ದಾಖಲೆಗಳು, ನಿಗದಿತ ಶುಲ್ಕ ಹಾಗೂ ಕಾಲಮಿತಿ
• ಸಲ್ಲಿಸಿದ ಅರ್ಜಿಯು ಯಾವ ಹಂತದಲ್ಲಿದೆ, ಯಾರ ಬಳಿ ಇದೆ ಎಂಬ ಮಾಹಿತಿ
• ಸಂಬಂಧಪಟ್ಟ ಅಧಿಕಾರಿಯು ಕಚೇರಿಯಲ್ಲಿ ಲಭ್ಯವಿರುವ ದಿನ ಮತ್ತು ಸಮಯ

ಅರ್ಜಿ ಸಲ್ಲಿಕೆ, ಆಕ್ಷೇಪಣೆ ಸಲ್ಲಿಕೆ, ಮೇಲ್ಮನವಿ, ಕಾಲಾವಕಾಶದ ಕೋರಿಕೆ, ವಿಳಾಸ ಅಥವಾ ಬ್ಯಾಂಕ್ ಖಾತೆಯ ಬದಲಾವಣೆ ಮುಂತಾದವು ಕಚೇರಿಗೆ ಮಾಡಿದ ಕರೆಯಿಂದ ಮಾತ್ರವೇ ಪೂರ್ಣಗೊಳ್ಳುವುದಿಲ್ಲ. ಇವುಗಳನ್ನು ಲಿಖಿತವಾಗಿ ಅಥವಾ ನಿಗದಿಪಡಿಸಿದ ಆನ್‌ಲೈನ್ ಕ್ರಮದಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

ಉದಾಹರಣೆಗೆ, ಆದಾಯ ಪ್ರಮಾಣ ಪತ್ರದ ಅಗತ್ಯವಿರುವ ಇಬ್ಬರು ಅರ್ಜಿದಾರರನ್ನು ಊಹಿಸಿಕೊಳ್ಳಬಹುದು. ಮೊದಲನೆಯವರು ಪರಿಚಯಸ್ಥರ ಕೈಯಲ್ಲಿ ಕಾಗದಗಳನ್ನು ಕಳುಹಿಸಿ, ನಂತರ ಕಚೇರಿಗೆ ಮೂರು ಬಾರಿ ಕರೆ ಮಾಡಿ ವಿಚಾರಿಸುತ್ತಾರೆ. "ಬಂದಿದ್ದರೆ ಆಗುತ್ತದೆ, ಮುಂದಿನ ವಾರ ವಿಚಾರಿಸಿ" ಎಂಬ ಉತ್ತರ ದೊರೆಯುತ್ತದೆ. ಎರಡನೆಯವರು ಅರ್ಜಿಯನ್ನು ಕೌಂಟರ್‌ನಲ್ಲಿ ಸಲ್ಲಿಸಿ ಸ್ವೀಕೃತಿ ಪತ್ರ ಪಡೆದು, ಅದರಲ್ಲಿನ ಸಂಖ್ಯೆಯನ್ನು ತಿಳಿಸಿ ಒಂದೇ ಬಾರಿ ಕರೆ ಮಾಡುತ್ತಾರೆ. ಕಾಲಮಿತಿ ಮುಗಿದರೂ ಪ್ರಮಾಣ ಪತ್ರ ಬಾರದಿದ್ದಲ್ಲಿ ಎರಡನೆಯವರು ಮೇಲ್ಮನವಿ ಸಲ್ಲಿಸಬಹುದು. ಮೊದಲನೆಯವರ ಕಾಗದಗಳು ನೋಂದಣಿಯೇ ಆಗಿರದಿದ್ದಲ್ಲಿ ಅವರ ಪಾಲಿಗೆ ಕಾಲಮಿತಿಯೇ ಆರಂಭವಾಗಿರುವುದಿಲ್ಲ. ಅವರು ಮಾಡಿದ ಮೂರು ಕರೆಗಳು ಈ ಕೊರತೆಯನ್ನು ತುಂಬಲಾರವು.

3. ಸರಿಯಾದ ಸಂಖ್ಯೆಯನ್ನು ಪತ್ತೆ ಮಾಡುವ ವಿಧಾನ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತನ್ನ ಅಧಿಕಾರಿಗಳು ಮತ್ತು ನೌಕರರ ಡೈರೆಕ್ಟರಿಯನ್ನು ತಾನಾಗಿಯೇ ಪ್ರಕಟಿಸಬೇಕಾಗಿರುತ್ತದೆ. ಆದ್ದರಿಂದ ಕಚೇರಿಯ ಸಂಖ್ಯೆಯನ್ನು ಕೇಳುವುದು ನಾಗರಿಕರ ಹಕ್ಕಾಗಿದ್ದು, ಅದಕ್ಕಾಗಿ ಮಧ್ಯವರ್ತಿಗಳನ್ನು ಆಶ್ರಯಿಸುವ ಅಗತ್ಯವಿರುವುದಿಲ್ಲ. ಸಂಖ್ಯೆಗಳು ಸಾಮಾನ್ಯವಾಗಿ ಈ ಕೆಳಕಂಡ ಕಡೆಗಳಲ್ಲಿ ದೊರೆಯುತ್ತವೆ:

• ಅರ್ಜಿ ಸಲ್ಲಿಸಿದಾಗ ನೀಡುವ ಸ್ವೀಕೃತಿ ಪತ್ರ
• ಕಚೇರಿಯ ಸೂಚನಾ ಫಲಕ ಹಾಗೂ ನಾಗರಿಕ ಸನ್ನದು
• ಜಿಲ್ಲಾಡಳಿತದ ಅಥವಾ ಇಲಾಖೆಯ ಅಧಿಕೃತ ಜಾಲತಾಣ
• ಇಲಾಖೆಯಿಂದ ಬಂದ ಪತ್ರ ಅಥವಾ ಹಿಂಬರಹದ ಶಿರೋನಾಮೆ

ಅಂತರ್ಜಾಲದ ಹುಡುಕಾಟದಲ್ಲಿ ಮೊದಲಿಗೆ ಕಾಣುವ ಸಂಖ್ಯೆಯು ಕಚೇರಿಯದ್ದೇ ಆಗಿರುತ್ತದೆಂದು ಭಾವಿಸತಕ್ಕದ್ದಲ್ಲ. ಅದನ್ನು ಮೇಲ್ಕಂಡ ಯಾವುದಾದರೊಂದು ಮೂಲದೊಂದಿಗೆ ತಾಳೆ ನೋಡುವುದು ಕ್ಷೇಮಕರ.

ಸ್ಥಿರ ದೂರವಾಣಿಗೆ ಮೊಬೈಲ್‌ನಿಂದ ಕರೆ ಮಾಡುವಾಗ ಸೊನ್ನೆಯೊಂದಿಗೆ ಆ ಊರಿನ ಎಸ್‌ಟಿಡಿ ಸಂಕೇತವನ್ನು ಸೇರಿಸಬೇಕು. ಬೆಂಗಳೂರಿಗೆ 080, ಮೈಸೂರಿಗೆ 0821, ಮಂಗಳೂರಿಗೆ 0824, ಬೆಳಗಾವಿಗೆ 0831, ಹುಬ್ಬಳ್ಳಿ-ಧಾರವಾಡಕ್ಕೆ 0836, ಕಲಬುರಗಿಗೆ 08472. ಮೊದಲ ಸೊನ್ನೆಯನ್ನು ಬಿಟ್ಟು ಎಣಿಸಿದಲ್ಲಿ ಸಂಕೇತ ಹಾಗೂ ಸಂಖ್ಯೆ ಸೇರಿ ಒಟ್ಟು 10 ಅಂಕಿಗಳಿರಬೇಕು. ಇದಕ್ಕಿಂತ ಕಡಿಮೆ ಇದ್ದಲ್ಲಿ ಬರೆದುಕೊಂಡ ಸಂಖ್ಯೆಯಲ್ಲಿ ಯಾವುದೋ ಅಂಕಿ ಬಿಟ್ಟುಹೋಗಿರುತ್ತದೆ. ಊರಿನ ಆಸ್ತಿ ತೆರಿಗೆ, ಖಾತೆ ಮುಂತಾದ ವಿಷಯಗಳಿಗಾಗಿ ಹೊರದೇಶದಿಂದ ಕರೆ ಮಾಡುವ ಕನ್ನಡಿಗರು 91 ಎಂಬ ದೇಶ ಸಂಕೇತವನ್ನು ಬಳಸಿ, ಎಸ್‌ಟಿಡಿ ಸಂಕೇತದ ಮೊದಲ ಸೊನ್ನೆಯನ್ನು ಬಿಡತಕ್ಕದ್ದು.

ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಸಂಖ್ಯೆಯ ಹಿಂದೆ ಸೊನ್ನೆ ಸೇರಿಸುವುದು 2021ರ ಜನವರಿ 15ರಿಂದ ಕಡ್ಡಾಯವಾಗಿದೆ. ಮನೆಯ ಅಥವಾ ಅಂಗಡಿಯ ಸ್ಥಿರ ದೂರವಾಣಿಯಿಂದ ಅಧಿಕಾರಿಗಳ ಮೊಬೈಲ್‌ಗೆ ಕರೆ ಮಾಡುವವರು ಇದನ್ನು ಗಮನಿಸುವುದು.

4. ಕರೆ ಮಾಡುವ ಮುನ್ನ ಸಿದ್ಧತೆ

ಕರೆ ಮಾಡುವ ಮುನ್ನ ಈ ಕೆಳಕಂಡವುಗಳನ್ನು ಎದುರಿಗೆ ಇಟ್ಟುಕೊಳ್ಳಬೇಕಾಗಿ ಕೋರಲಾಗಿದೆ:

(1) ಸ್ವೀಕೃತಿ ಪತ್ರ. ಸಕಾಲ ವ್ಯಾಪ್ತಿಯ ಸೇವೆಗಳಾದಲ್ಲಿ ಅದರಲ್ಲಿ 15 ಅಂಕಿ-ಅಕ್ಷರಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ. ನಾಡಕಚೇರಿಯಲ್ಲಿ ಸಲ್ಲಿಸುವ ಕಂದಾಯ ಇಲಾಖೆಯ ಅರ್ಜಿಗಳಿಗೆ ಈ ಸಂಖ್ಯೆಯು 'ಆರ್‌ಡಿ' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ.
(2) ಅರ್ಜಿಯಲ್ಲಿ ಬರೆದಿರುವಂತೆಯೇ ಅರ್ಜಿದಾರರ ಹೆಸರು, ಗ್ರಾಮ ಅಥವಾ ವಾರ್ಡ್, ಹೋಬಳಿ.
(3) ಜಮೀನಿಗೆ ಸಂಬಂಧಿಸಿದ್ದಾದಲ್ಲಿ ಸರ್ವೆ ನಂಬರ್. ಮನೆ ಅಥವಾ ನಿವೇಶನಕ್ಕೆ ಸಂಬಂಧಿಸಿದ್ದಾದಲ್ಲಿ ಆಸ್ತಿ ಸಂಖ್ಯೆ.
(4) ಕಾಗದ ಮತ್ತು ಪೆನ್ನು.

ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಒಂದು ವಾಕ್ಯದಲ್ಲಿ ಬರೆದುಕೊಳ್ಳುವುದು ಉಪಯುಕ್ತ. "ನನ್ನ ಕೆಲಸ ಯಾವಾಗ ಆಗುತ್ತದೆ?" ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ಅಸ್ಪಷ್ಟವಾಗಿರುತ್ತದೆ. "ಈ ಸಂಖ್ಯೆಯ ಅರ್ಜಿ ಈಗ ಯಾರ ಬಳಿ ಇದೆ? ಯಾವುದಾದರೂ ದಾಖಲೆ ಕಡಿಮೆ ಇದೆಯೇ?" ಎಂಬ ಪ್ರಶ್ನೆಗೆ ವಿಷಯ ನಿರ್ವಾಹಕರು ಗಣಕಯಂತ್ರವನ್ನು ಅಥವಾ ವಹಿಯನ್ನು ನೋಡಿ ಉತ್ತರಿಸಬಹುದು.

ಸಮಯದ ಆಯ್ಕೆಯೂ ಮುಖ್ಯ. ರಾಜ್ಯ ಸರ್ಕಾರದ ಕಚೇರಿಗಳಿಗೆ ಎರಡನೆಯ ಹಾಗೂ ನಾಲ್ಕನೆಯ ಶನಿವಾರ ರಜೆ ಇರುತ್ತದೆ. ಕಚೇರಿ ಆರಂಭವಾದ ಕೂಡಲೇ ಕೌಂಟರ್‌ಗಳಲ್ಲಿ ಜನಸಂದಣಿ ಇರುವುದರಿಂದ ಹಾಗೂ ಗ್ರಾಮ ಮಟ್ಟದ ಸಿಬ್ಬಂದಿಯು ಸ್ಥಳ ಪರಿಶೀಲನೆಗಾಗಿ ಹೊರಗೆ ಇರುವ ಸಂಭವವಿರುವುದರಿಂದ, ಒಮ್ಮೆ ಉತ್ತರ ದೊರೆಯದಿದ್ದಲ್ಲಿ ಬೇರೆ ವೇಳೆಯಲ್ಲಿ ಪ್ರಯತ್ನಿಸುವುದು ಸೂಕ್ತ.

5. ಯಂತ್ರವು ಉತ್ತರಿಸಿದಾಗ

ದೊಡ್ಡ ಕಚೇರಿಗಳಲ್ಲಿ ಹಾಗೂ ಸಹಾಯವಾಣಿಗಳಲ್ಲಿ ಕರೆಯನ್ನು ಮೊದಲು ಯಂತ್ರವು ಸ್ವೀಕರಿಸುತ್ತದೆ. ಮುದ್ರಿತ ಧ್ವನಿಯು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂಬ ರೀತಿಯಲ್ಲಿ ಸೂಚನೆಗಳನ್ನು ನೀಡುತ್ತದೆ. ಈ ಧ್ವನಿಯನ್ನು ಕೇಳಿ ಹಲವರು "ಹಲೋ, ಸಾರ್" ಎಂದು ಮಾತನಾಡಲು ಆರಂಭಿಸಿ, ಉತ್ತರ ಬಾರದೆ ಕರೆಯನ್ನು ಕಡಿತಗೊಳಿಸುವುದುಂಟು. ಒತ್ತುವ ಗುಂಡಿಗಳಿಂದ ನಡೆಯುವ ಇಂತಹ ಯಂತ್ರವು ಮಾತನ್ನು ಗ್ರಹಿಸುವುದಿಲ್ಲ. ಪ್ರತಿಯೊಂದು ಗುಂಡಿಯನ್ನು ಒತ್ತಿದಾಗ ಬೇರೆ ಬೇರೆ ಶ್ರುತಿಯ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಆ ಜೋಡಿಯನ್ನು ಗುರುತಿಸಿ ಯಂತ್ರವು ಮುಂದಿನ ಹಂತಕ್ಕೆ ಕರೆಯನ್ನು ಒಯ್ಯುತ್ತದೆ. ಈ ಕಾರಣದಿಂದ:

• ಮೊಬೈಲ್‌ನಲ್ಲಿ ಕರೆ ನಡೆಯುತ್ತಿರುವಾಗಲೇ ಪರದೆಯ ಮೇಲಿನ ಕೀಪ್ಯಾಡ್ ತೆರೆದು ಅಂಕಿಯನ್ನು ಒತ್ತಬೇಕು. ಕರೆಯನ್ನು ಕಡಿತಗೊಳಿಸಿ ಒತ್ತಿದಲ್ಲಿ ಪ್ರಯೋಜನವಿರುವುದಿಲ್ಲ.
• ಸೂಚನೆಯನ್ನು ಪೂರ್ಣವಾಗಿ ಕೇಳಿದ ನಂತರ ಒತ್ತುವುದು ಉತ್ತಮ. ಹಿಂದೆ ಕರೆ ಮಾಡಿದಾಗ ಇದ್ದ ಅಂಕಿಯು ಬದಲಾಗಿರಬಹುದು.
• ಅಂಕಿಯನ್ನು ಒಮ್ಮೆ ಮಾತ್ರ ಒತ್ತಬೇಕು. ಅವಸರದಲ್ಲಿ ಎರಡು ಬಾರಿ ಒತ್ತಿದಲ್ಲಿ ಎರಡನೆಯ ಒತ್ತು ಮುಂದಿನ ಪ್ರಶ್ನೆಯ ಉತ್ತರವೆಂದು ಪರಿಗಣಿತವಾಗುತ್ತದೆ.
• ತಿರುಗಿಸುವ ಡಯಲ್ ಇರುವ ಹಳೆಯ ಉಪಕರಣದಿಂದ ಇಂತಹ ಆಯ್ಕೆಗಳನ್ನು ಮಾಡಲಾಗುವುದಿಲ್ಲ.

ಸಿಬ್ಬಂದಿಯೊಂದಿಗೆ ಮಾತನಾಡುವ ಆಯ್ಕೆಯು ಸಾಮಾನ್ಯವಾಗಿ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಆರಿಸಲು ಹಿಂಜರಿಯಬೇಕಾಗಿಲ್ಲ. 1963ರ ರಾಜಭಾಷಾ ಅಧಿನಿಯಮದ ಅನ್ವಯ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ.

6. ಒಳ ಸಂಖ್ಯೆ ಮತ್ತು ಕರೆಯ ವರ್ಗಾವಣೆ

ಒಂದೇ ಕಟ್ಟಡದಲ್ಲಿ ಹಲವು ಶಾಖೆಗಳಿರುವ ಕಚೇರಿಗಳಲ್ಲಿ ಹೊರಗಿನ ಕೆಲವೇ ದೂರವಾಣಿ ಮಾರ್ಗಗಳನ್ನು ಎಲ್ಲ ಮೇಜುಗಳಿಗೂ ಹಂಚುವ ವಿನಿಮಯ ಯಂತ್ರ ಇರುತ್ತದೆ. ಪ್ರತಿ ಮೇಜಿಗೂ ಎಕ್ಸ್‌ಟೆನ್ಷನ್ ಎಂದು ಕರೆಯುವ ಚಿಕ್ಕ ಒಳ ಸಂಖ್ಯೆ ಇರುತ್ತದೆ. ಈ ಏರ್ಪಾಡಿನಿಂದ ಅರ್ಜಿದಾರರಿಗೆ ಎರಡು ತೊಡಕುಗಳು ಉಂಟಾಗುತ್ತವೆ.

ಮೊದಲನೆಯದು, ವರ್ಗಾವಣೆಯ ಸಮಯದಲ್ಲಿ ಕರೆಯು ತುಂಡಾಗುವುದು. ಇದಕ್ಕೆ ಪರಿಹಾರವೆಂದರೆ, "ಬೇರೆ ಶಾಖೆಗೆ ಕೊಡುತ್ತೇನೆ" ಎಂದು ಹೇಳಿದ ಕೂಡಲೇ "ದಯವಿಟ್ಟು ಶಾಖೆಯ ಹೆಸರು ಮತ್ತು ಒಳ ಸಂಖ್ಯೆ ತಿಳಿಸಿ" ಎಂದು ಕೇಳಿ ಬರೆದುಕೊಳ್ಳುವುದು. ಕರೆಯು ತುಂಡಾದಲ್ಲಿ ಮರಳಿ ಮೊದಲಿನಿಂದ ವಿಷಯವನ್ನು ವಿವರಿಸುವ ಬದಲು ನೇರವಾಗಿ ಆ ಒಳ ಸಂಖ್ಯೆಯನ್ನು ಕೇಳಬಹುದು.

ಎರಡನೆಯದು, ತಪ್ಪಿದ ಕರೆ. ಕಚೇರಿಯಿಂದ ನಿಮಗೆ ಕರೆ ಬಂದಾಗ ಮೊಬೈಲ್‌ನ ಪರದೆಯ ಮೇಲೆ ಹೊರಗಿನ ಮಾರ್ಗದ ಸಂಖ್ಯೆಯು ಕಾಣಿಸಬಹುದೇ ಹೊರತು ಕರೆ ಮಾಡಿದವರ ಒಳ ಸಂಖ್ಯೆಯು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆ ಸಂಖ್ಯೆಗೆ ಮರಳಿ ಕರೆ ಮಾಡಿದಲ್ಲಿ ಸ್ವಾಗತ ಮೇಜಿನವರು ಉತ್ತರಿಸಬಹುದು; ಕರೆ ಮಾಡಿದವರು ಯಾರೆಂದು ಅವರಿಗೆ ತಿಳಿದಿರುವುದಿಲ್ಲ. ಇಂತಹ ಸಂದರ್ಭದಲ್ಲಿ ಅರ್ಜಿಯ ವಿಷಯ ಹಾಗೂ ಸಂಖ್ಯೆಯನ್ನು ತಿಳಿಸಿ ಸಂಬಂಧಪಟ್ಟ ಶಾಖೆಯನ್ನು ಕೇಳುವುದು ಸೂಕ್ತ.

7. ಧ್ವನಿ ಸಂದೇಶವನ್ನು ಬಿಡುವ ಕ್ರಮ

ವಾಯ್ಸ್ ಮೇಲ್ ಅಥವಾ ಧ್ವನಿ ಸಂದೇಶದ ಸೌಲಭ್ಯವು ಎಲ್ಲ ಕಚೇರಿಗಳಲ್ಲಿಯೂ ಇರುವುದಿಲ್ಲ. ಸೌಲಭ್ಯ ಇರುವಲ್ಲಿ, ಯಾರೂ ಕರೆ ಸ್ವೀಕರಿಸದಿದ್ದಾಗ ಅಥವಾ ಕಚೇರಿ ವೇಳೆ ಮುಗಿದ ನಂತರ ಮುದ್ರಿತ ಸೂಚನೆಯು ಕೇಳಿಬಂದು, ಬೀಪ್ ಶಬ್ದದ ನಂತರ ಮಾತನಾಡಲು ತಿಳಿಸಲಾಗುತ್ತದೆ. ಬೀಪ್ ಶಬ್ದಕ್ಕೆ ಮೊದಲು ಆಡಿದ ಮಾತು ದಾಖಲಾಗುವುದಿಲ್ಲ. ಹಾಗೆಯೇ ಸಂದೇಶಕ್ಕೆ ನೀಡಿರುವ ಅವಧಿಯು ಸೀಮಿತವಾಗಿರುವುದರಿಂದ, ಮುಖ್ಯ ವಿವರಗಳನ್ನು ಕೊನೆಗೆ ಇಟ್ಟುಕೊಂಡಲ್ಲಿ ಅವು ಬಿಟ್ಟುಹೋಗುವ ಸಂಭವವಿರುತ್ತದೆ.

ಸಂದೇಶದಲ್ಲಿ ಈ ಕೆಳಕಂಡ ಅನುಕ್ರಮವನ್ನು ಅನುಸರಿಸಬಹುದು:

(1) ಹೆಸರು ಮತ್ತು ಊರು
(2) ಮರಳಿ ಕರೆ ಮಾಡಬೇಕಾದ ಸಂಖ್ಯೆ
(3) ಅರ್ಜಿಯ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕ
(4) ವಿಷಯ, ಒಂದು ವಾಕ್ಯದಲ್ಲಿ
(5) ಕರೆ ಸ್ವೀಕರಿಸಲು ಅನುಕೂಲವಾದ ವೇಳೆ
(6) ಮರಳಿ ಕರೆ ಮಾಡಬೇಕಾದ ಸಂಖ್ಯೆ, ಮತ್ತೊಮ್ಮೆ

ಮಾದರಿಗಾಗಿ: "ನಮಸ್ಕಾರ. ನನ್ನ ಹೆಸರು ಇಂಥದ್ದು, ಇಂಥ ಗ್ರಾಮ, ಇಂಥ ಹೋಬಳಿ. ನನ್ನ ಮೊಬೈಲ್ ಸಂಖ್ಯೆ ಇಷ್ಟು. ನಮ್ಮ ತಾಯಿಯವರ ವಿಧವಾ ವೇತನದ ಅರ್ಜಿಯನ್ನು ಈ ತಿಂಗಳ 4ರಂದು ಸಲ್ಲಿಸಿದ್ದೇವೆ. ಸ್ವೀಕೃತಿ ಸಂಖ್ಯೆ ಇಷ್ಟು. ಅರ್ಜಿಯಲ್ಲಿ ಯಾವುದಾದರೂ ದಾಖಲೆ ಕಡಿಮೆ ಇದೆಯೇ ಎಂದು ತಿಳಿಸಬೇಕಾಗಿ ಕೋರುತ್ತೇನೆ. ಮಧ್ಯಾಹ್ನ 3 ಗಂಟೆಯ ನಂತರ ಕರೆ ಸ್ವೀಕರಿಸಬಲ್ಲೆ. ನನ್ನ ಸಂಖ್ಯೆಯನ್ನು ಮತ್ತೊಮ್ಮೆ ಹೇಳುತ್ತೇನೆ."

ಅಂಕಿಗಳನ್ನು ಒಂದೊಂದಾಗಿ, ನಡುವೆ ಸ್ವಲ್ಪ ನಿಲ್ಲಿಸಿ ಹೇಳಬೇಕು. ಕೇಳುವವರು ಸಂದೇಶವನ್ನು ಆಲಿಸುತ್ತಾ ಕೈಯಿಂದ ಬರೆದುಕೊಳ್ಳುತ್ತಿರುತ್ತಾರೆ. ಇಂಗ್ಲಿಷಿನ 'ಫೈವ್' ಮತ್ತು 'ನೈನ್' ಪದಗಳು ಅಸ್ಪಷ್ಟ ಸಂಪರ್ಕದಲ್ಲಿ ಒಂದೇ ರೀತಿ ಕೇಳಿಸುವುದುಂಟು. 'ಐದು' ಮತ್ತು 'ಒಂಬತ್ತು' ಎಂದು ಕನ್ನಡದಲ್ಲಿ ಹೇಳಿದಲ್ಲಿ ಈ ಗೊಂದಲವಿರುವುದಿಲ್ಲ. ಬಸ್ ನಿಲ್ದಾಣ, ಸಂತೆ, ಹಿಟ್ಟಿನ ಗಿರಣಿ ಮುಂತಾದ ಗದ್ದಲದ ಸ್ಥಳಗಳಿಂದ ಸಂದೇಶ ಬಿಡದಿರುವುದು ಒಳಿತು.

ಧ್ವನಿ ಸಂದೇಶದಲ್ಲಿ ಹೇಳಬಾರದ ವಿವರಗಳೂ ಇವೆ. ಪೂರ್ಣ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಎಟಿಎಂ ಪಿನ್, ಒಟಿಪಿ ಇವುಗಳನ್ನು ಯಾವ ಕಾರಣಕ್ಕೂ ದಾಖಲಿಸತಕ್ಕದ್ದಲ್ಲ. ಸಂದೇಶವನ್ನು ಒಬ್ಬರಿಗಿಂತ ಹೆಚ್ಚು ಜನ ಕೇಳುವ ಸಾಧ್ಯತೆ ಇರುತ್ತದೆ. ಅರ್ಜಿಯನ್ನು ಪತ್ತೆ ಮಾಡಲು ಅರ್ಜಿಯ ಸಂಖ್ಯೆಯೇ ಸಾಕು.

ಒಂದೇ ವಿಷಯದ ಮೇಲೆ ದಿನಕ್ಕೆ ಹಲವು ಸಂದೇಶಗಳನ್ನು ಬಿಟ್ಟಲ್ಲಿ ಪೆಟ್ಟಿಗೆಯು ತುಂಬಿ, ನಂತರ ಕರೆ ಮಾಡುವ ಇತರರ ಸಂದೇಶಗಳಿಗೆ ಜಾಗವಿಲ್ಲದಂತಾಗುತ್ತದೆ. ಒಂದು ಸ್ಪಷ್ಟ ಸಂದೇಶ ಬಿಟ್ಟು ಎರಡು ಕೆಲಸದ ದಿನ ಕಾದು, ಉತ್ತರ ಬಾರದಿದ್ದಲ್ಲಿ ಕಚೇರಿ ವೇಳೆಯಲ್ಲಿ ಮರಳಿ ಕರೆ ಮಾಡುವುದು ಅಥವಾ ಲಿಖಿತವಾಗಿ ವಿಚಾರಿಸುವುದು ಸೂಕ್ತ. ಆದರೆ ಕೊನೆಯ ದಿನಾಂಕ ಹತ್ತಿರವಿರುವ ವಿಷಯಗಳಲ್ಲಿ ಧ್ವನಿ ಸಂದೇಶವನ್ನು ನೆಚ್ಚಿಕೊಂಡು ಕಾಯತಕ್ಕದ್ದಲ್ಲ.

8. ಕರೆಯ ನಂತರ ಮಾಡಬೇಕಾದ ಕೆಲಸ

ಕರೆ ಮುಗಿದ ಕೂಡಲೇ ದಿನಾಂಕ, ವೇಳೆ, ಮಾತನಾಡಿದವರ ಪದನಾಮ ಹಾಗೂ ಶಾಖೆ, ಅವರು ತಿಳಿಸಿದ ವಿಷಯ, ಇಷ್ಟನ್ನು ಸ್ವೀಕೃತಿ ಪತ್ರದ ಹಿಂಬದಿಯಲ್ಲಿ ಅಥವಾ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವುದು. ನಾಲ್ಕು ಸಾಲಿನ ಈ ಟಿಪ್ಪಣಿಯು ಮುಂದಿನ ಕರೆಯನ್ನು ಸುಲಭಗೊಳಿಸುತ್ತದೆ. "10ನೇ ತಾರೀಖು ಪಿಂಚಣಿ ಶಾಖೆಯಲ್ಲಿ ವಿಚಾರಿಸಿದಾಗ ಬ್ಯಾಂಕ್ ಪುಸ್ತಕದ ಪ್ರತಿ ಬೇಕೆಂದು ತಿಳಿಸಿದ್ದರು, 12ರಂದು ಸಲ್ಲಿಸಿದ್ದೇನೆ" ಎಂದು ಹೇಳುವ ಅರ್ಜಿದಾರರಿಗೆ ಖಚಿತವಾದ ಉತ್ತರ ನೀಡುವುದು ಸಿಬ್ಬಂದಿಗೂ ಸುಲಭ.

ದೂರವಾಣಿಯಲ್ಲಿ ಹೆಚ್ಚುವರಿ ದಾಖಲೆ ಕೇಳಲಾದಲ್ಲಿ, ಅದನ್ನು ಸಲ್ಲಿಸುವಾಗ ಒಂದು ಮುಖಪತ್ರ ಲಗತ್ತಿಸಿ, ಅದರ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಪಡೆಯತಕ್ಕದ್ದು. "ನಿಮ್ಮ ಅರ್ಜಿ ತಿರಸ್ಕೃತವಾಗಿದೆ" ಎಂದು ದೂರವಾಣಿಯಲ್ಲಿ ತಿಳಿಸಲಾದಲ್ಲಿ, ಕಾರಣವನ್ನು ನಮೂದಿಸಿದ ಹಿಂಬರಹವನ್ನು ಕೋರಿ ಪಡೆಯುವುದು. ತಿರಸ್ಕಾರದ ಕಾರಣವು ಕಾಗದದ ಮೇಲೆ ಇದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅನುಕೂಲವಾಗುತ್ತದೆ.

9. ಸಕಾಲ ಸೇವೆಗಳ ಕಾಲಮಿತಿ ಮತ್ತು ಮೇಲ್ಮನವಿ

ನಾಗರಿಕರಿಗೆ ನಿಗದಿತ ಅವಧಿಯಲ್ಲಿ ಸೇವೆ ಒದಗಿಸುವ ಉದ್ದೇಶದಿಂದ 2011ರಲ್ಲಿ ರೂಪಿಸಲಾದ ಅಧಿನಿಯಮವು 'ಸಕಾಲ' ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. 2012ರ ಮಾರ್ಚ್ 1ರಂದು ಚಿತ್ರದುರ್ಗ, ಧಾರವಾಡ, ಔರಾದ್ ಹಾಗೂ ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಅದೇ ವರ್ಷದ ಏಪ್ರಿಲ್ 2ರಂದು ರಾಜ್ಯದಾದ್ಯಂತ ವಿಸ್ತರಣೆಯಾಯಿತು. ಇದರ ಅಡಿಯಲ್ಲಿ ಅಧಿಸೂಚಿತವಾದ ಪ್ರತಿ ಸೇವೆಗೂ ಕಾಲಮಿತಿ, ಸೇವೆ ನೀಡಬೇಕಾದ ಪದನಿರ್ದೇಶಿತ ಅಧಿಕಾರಿ, ಮೇಲ್ಮನವಿ ಆಲಿಸುವ ಸಕ್ಷಮ ಅಧಿಕಾರಿ ಹಾಗೂ ಮೇಲ್ಮನವಿ ಪ್ರಾಧಿಕಾರವನ್ನು ನಿಗದಿಪಡಿಸಲಾಗಿದೆ.

ಅರ್ಜಿಯು ತಿರಸ್ಕೃತವಾದಲ್ಲಿ ಅಥವಾ ಕಾಲಮಿತಿಯೊಳಗೆ ಸೇವೆ ದೊರೆಯದಿದ್ದಲ್ಲಿ, ತಿರಸ್ಕಾರದ ಅಥವಾ ಕಾಲಮಿತಿ ಮುಗಿದ ದಿನದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ. ಈ ಮೊತ್ತವು ದೊಡ್ಡದಲ್ಲ. ಆದರೆ ವಿಳಂಬಕ್ಕೆ ಲೆಕ್ಕ ಇಡಲಾಗುತ್ತದೆ ಎಂಬುದು ಇದರ ಮಹತ್ವ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ದೂರವಾಣಿಯಲ್ಲಿ "ಇನ್ನೊಂದು ವಾರ ಕಾಯಿರಿ" ಎಂದು ಹೇಳಿದ ಮಾತ್ರಕ್ಕೆ ಕಾಲಮಿತಿಯಾಗಲಿ ಮೇಲ್ಮನವಿಯ 30 ದಿನಗಳಾಗಲಿ ಮುಂದಕ್ಕೆ ಹೋಗುವುದಿಲ್ಲ. ಕಾಯಲು ಸಿದ್ಧರಿದ್ದರೂ ಮೇಲ್ಮನವಿಯ ಕೊನೆಯ ದಿನವನ್ನು ಸ್ವೀಕೃತಿ ಪತ್ರದ ಮೇಲೆ ಬರೆದಿಟ್ಟುಕೊಳ್ಳಬೇಕಾಗಿ ಅರ್ಜಿದಾರರನ್ನು ಕೋರಲಾಗಿದೆ.

10. ಕಚೇರಿಯಲ್ಲಿ ಯಾರೂ ಕರೆ ಸ್ವೀಕರಿಸದಿದ್ದಲ್ಲಿ

ಬೇರೆ ಬೇರೆ ದಿನ ಹಾಗೂ ವೇಳೆಯಲ್ಲಿ ಪ್ರಯತ್ನಿಸಿದರೂ ಕಚೇರಿಯ ದೂರವಾಣಿಗೆ ಉತ್ತರ ಬಾರದಿದ್ದಲ್ಲಿ, ರಾಜ್ಯ ಸರ್ಕಾರದ ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಾದ 'ಜನಸ್ಪಂದನ'ದ ಸಹಾಯವಾಣಿ 1902ಕ್ಕೆ ಕರೆ ಮಾಡಬಹುದು. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೂರನ್ನು ನೋಂದಾಯಿಸಿ ಸಂಖ್ಯೆಯನ್ನು ನೀಡಲಾಗುತ್ತದೆ. ಕಚೇರಿಗೆ ಮಾಡುವ ಸಾಮಾನ್ಯ ಕರೆಗೂ ಸಹಾಯವಾಣಿಗೆ ಮಾಡುವ ಕರೆಗೂ ಇರುವ ವ್ಯತ್ಯಾಸ ಇದೇ ಆಗಿದೆ. ಸಂಖ್ಯೆಯನ್ನು ಪಡೆಯದೆ ಸಹಾಯವಾಣಿಯ ಕರೆಯನ್ನು ಮುಗಿಸತಕ್ಕದ್ದಲ್ಲ.

ಇತರೆ ಉಪಯುಕ್ತ ಸಂಖ್ಯೆಗಳು: ತುರ್ತು ಸಂದರ್ಭಗಳಿಗೆ 112, ವಿದ್ಯುತ್ ಸರಬರಾಜಿನ ದೂರುಗಳಿಗೆ 1912, ಬೆಂಗಳೂರು ಜಲಮಂಡಳಿಗೆ 1916, ಮಕ್ಕಳ ಸಹಾಯವಾಣಿ 1098. ಹೊರದೇಶದಿಂದ ಇಂತಹ ಕಿರು ಸಂಖ್ಯೆಗಳು ಸಾಮಾನ್ಯವಾಗಿ ದೊರೆಯುವುದಿಲ್ಲವಾದ್ದರಿಂದ ಕಚೇರಿಯ ಪೂರ್ಣ ಸಂಖ್ಯೆಯನ್ನು ಬಳಸುವುದು.

11. ಕಚೇರಿಯ ಹೆಸರಿನಲ್ಲಿ ಬರುವ ವಂಚನೆಯ ಕರೆಗಳು

ಪಿಂಚಣಿ ಮಂಜೂರಾತಿ, ಪಡಿತರ ಚೀಟಿ, ವಿದ್ಯುತ್ ಸಂಪರ್ಕ ಕಡಿತ ಮುಂತಾದ ಕಾರಣಗಳನ್ನು ಹೇಳಿ ಸರ್ಕಾರಿ ಕಚೇರಿಯಿಂದ ಮಾತನಾಡುತ್ತಿರುವುದಾಗಿ ನಂಬಿಸುವ ಕರೆಗಳು ಬರುವುದುಂಟು. ಅರ್ಜಿದಾರರು ಈ ಕೆಳಕಂಡಂತೆ ಎಚ್ಚರ ವಹಿಸತಕ್ಕದ್ದು:

• ಅಪರಿಚಿತರು ಕರೆ ಮಾಡಿ ಕೇಳುವ ಒಟಿಪಿಯನ್ನು ತಿಳಿಸಬಾರದು.
• ಶುಲ್ಕವನ್ನು ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಕಳುಹಿಸುವಂತೆ ಸೂಚಿಸಿದಲ್ಲಿ ಕಳುಹಿಸಬಾರದು. ಸರ್ಕಾರಿ ಶುಲ್ಕಕ್ಕೆ ರಸೀದಿ ಇರುತ್ತದೆ.
• ಸಂಶಯ ಬಂದಲ್ಲಿ ಕರೆಯನ್ನು ಕಡಿತಗೊಳಿಸಿ, ಸ್ವೀಕೃತಿ ಪತ್ರದಲ್ಲಿರುವ ಅಥವಾ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಬಂದ ಸಂಖ್ಯೆಗೇ ಮರಳಿ ಕರೆ ಮಾಡಿದಲ್ಲಿ ವಂಚಕರೇ ಉತ್ತರಿಸುವ ಸಂಭವವಿರುತ್ತದೆ.
• ಹಣ ಕಳೆದುಕೊಂಡಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಓದು ಬರಹ ಬಾರದು. ಹೇಳಿದ್ದನ್ನೇ ಅರ್ಜಿಯಾಗಿ ಸ್ವೀಕರಿಸಬಹುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 6ರ ಅನ್ವಯ, ಕೋರಿಕೆಯನ್ನು ಬರೆಯಲು ಸಾಧ್ಯವಾಗದವರು ಮೌಖಿಕವಾಗಿ ಹೇಳಿದ್ದನ್ನು ಬರಹಕ್ಕೆ ಇಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡಬೇಕಾಗಿರುತ್ತದೆ. ಇತರೆ ಸೇವೆಗಳಿಗೆ ಕೌಂಟರ್‌ನಲ್ಲಿ ನೆರವು ಕೋರಬಹುದು. ಎರಡೂ ಸಂದರ್ಭಗಳಲ್ಲಿ ಬರಹವನ್ನು ಓದಿಸಿ ಕೇಳಿದ ನಂತರವೇ ಸಹಿ ಅಥವಾ ಹೆಬ್ಬೆರಳಿನ ಗುರುತು ಹಾಕುವುದು.

ಪ್ರಶ್ನೆ: ಸ್ವೀಕೃತಿ ಪತ್ರ ಕಳೆದುಹೋಗಿದೆ. ಕರೆ ಮಾಡಿ ಪ್ರಯೋಜನವಿದೆಯೇ?
ಉತ್ತರ: ಇದೆ. ಅರ್ಜಿದಾರರ ಹೆಸರು, ಗ್ರಾಮ, ಸೇವೆಯ ಹೆಸರು ಹಾಗೂ ಸಲ್ಲಿಸಿದ ಅಂದಾಜು ದಿನಾಂಕವನ್ನು ತಿಳಿಸಿ ಸಂಖ್ಯೆಯನ್ನು ಹುಡುಕಿಕೊಡುವಂತೆ ಕೋರಬಹುದು. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ನೀಡಿದ್ದಲ್ಲಿ ಎಸ್‌ಎಂಎಸ್ ಬಂದಿದೆಯೇ ಎಂದು ಸಹ ಪರಿಶೀಲಿಸುವುದು.

ಪ್ರಶ್ನೆ: ವಯಸ್ಸಾದ ತಂದೆ ತಾಯಿಯ ಪರವಾಗಿ ಮಕ್ಕಳು ಕರೆ ಮಾಡಬಹುದೇ?
ಉತ್ತರ: ಅರ್ಜಿಯು ಯಾವ ಹಂತದಲ್ಲಿದೆ ಎಂದು ವಿಚಾರಿಸಲು ಮಾಡಬಹುದು. ಅರ್ಜಿದಾರರ ಹೆಸರು ಹಾಗೂ ಸಂಬಂಧವನ್ನು ಮೊದಲಿಗೇ ತಿಳಿಸುವುದು. ವೈಯಕ್ತಿಕ ದಾಖಲೆಗಳ ವಿವರವನ್ನು ದೂರವಾಣಿಯಲ್ಲಿ ನೀಡಲು ಸಿಬ್ಬಂದಿಯು ನಿರಾಕರಿಸಿದಲ್ಲಿ ಅದು ಅರ್ಜಿದಾರರ ಹಿತದೃಷ್ಟಿಯಿಂದ ಎಂದು ತಿಳಿಯುವುದು.

ಪ್ರಶ್ನೆ: ಧ್ವನಿ ಸಂದೇಶ ಬಿಟ್ಟ ದಿನವನ್ನು ಅರ್ಜಿ ಸಲ್ಲಿಸಿದ ದಿನವೆಂದು ಪರಿಗಣಿಸಲಾಗುತ್ತದೆಯೇ?
ಉತ್ತರ: ಇಲ್ಲ. ನಿಗದಿತ ದಾಖಲೆಗಳೊಂದಿಗೆ ಸಲ್ಲಿಸಿದ ಅರ್ಜಿಯು ನೋಂದಣಿಯಾದ ದಿನವೇ ಲೆಕ್ಕಕ್ಕೆ ಬರುತ್ತದೆ.

13. ಕೋರಿಕೆ

ಕರೆಗೆ ಉತ್ತರಿಸುವ ಸಿಬ್ಬಂದಿಯ ಎದುರಿಗೂ ಅದೇ ವೇಳೆಯಲ್ಲಿ ಕೌಂಟರ್‌ನಲ್ಲಿ ಅರ್ಜಿದಾರರು ನಿಂತಿರುತ್ತಾರೆ. ಸಂಖ್ಯೆಯನ್ನು ಮುಂದಿಟ್ಟುಕೊಂಡು ಮಾಡಿದ ಸಂಕ್ಷಿಪ್ತ ಕರೆಯಿಂದ ಇಬ್ಬರ ಸಮಯವೂ ಉಳಿಯುತ್ತದೆ. ಹಾಗೆಯೇ, ಸೌಜನ್ಯದಿಂದ ಕೇಳಿದ ಪ್ರಶ್ನೆಗೆ ಸೌಜನ್ಯದ ಉತ್ತರವನ್ನು ಪಡೆಯಲು ಪ್ರತಿಯೊಬ್ಬ ನಾಗರಿಕರೂ ಅರ್ಹರಾಗಿರುತ್ತಾರೆ.

ದೂರವಾಣಿಯಿಂದ ವಿಚಾರಿಸುವುದು, ಕಾಗದದಿಂದ ಸಲ್ಲಿಸುವುದು, ಸಂಖ್ಯೆಯಿಂದ ಹಿಂಬಾಲಿಸುವುದು: ಈ ಮೂರನ್ನೂ ಆಯಾ ಜಾಗದಲ್ಲಿ ಬಳಸಿಕೊಂಡು, ಸರ್ಕಾರದ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಪಡೆದುಕೊಳ್ಳಬೇಕಾಗಿ ಸಾರ್ವಜನಿಕರನ್ನು ಕೋರಲಾಗಿದೆ.